ಚಲಚ್ಚಿತ್ರದ ಗೂಢಚಾರನೂ ಅವನ ಆಯುಧವೂ

ಮೊನ್ನೆ ಒಂದು ಸಂಜೆ, ಮಳೆ ಹಿಡಿದು ಮನೆಯಿಂದ ಹೊರಗೆ ಕಾಲಿಡುವಂತಿಲ್ಲದ ಹೊತ್ತಿನಲ್ಲಿ, ಆನೇಮಹಲ್‌ನ ನಮ್ಮ ನೆರೆಯ ತರುಣರೊಬ್ಬರು 'ಜೇಡರ ಬಲೆ' ಎಂಬ ಹಳೆಯ ಚಿತ್ರವನ್ನು ನೋಡಿ ಬಂದು ನನ್ನನ್ನು ಕೇಳಿದರು: "ಮೇಷ್ಟ್ರೇ, ಜೇಮ್ಸ್ ಬಾಂಡನ ಪಿಸ್ತೂಲು ವಾಲ್ಟರ್ ಎಂದು ಲೋಕವೆಲ್ಲ ಬಲ್ಲುದು. ನಮ್ಮ ಸಿ.ಐ.ಡಿ. 999ರ ಪಿಸ್ತೂಲಿನ ಹೆಸರು ಮಾತ್ರ ಯಾರ ಬಾಯಲ್ಲಿಯೂ ಇಲ್ಲವಲ್ಲ, ಏಕೆ?" ಪ್ರಶ್ನೆಯು ಮೇಲ್ನೋಟಕ್ಕೆ ಹುಡುಗಾಟಿಕೆಯದಾಗಿ ಕಂಡರೂ ವಿಚಾರಮಾಡಿದಷ್ಟೂ ಅದರಲ್ಲಿ ಸಾಹಿತ್ಯವಿಮರ್ಶೆಗೆ ಸಂಬಂಧಪಟ್ಟ ಒಂದು ತತ್ತ್ವವು ಅಡಗಿರುವುದಾಗಿ ನನಗೆ ತೋರಿತು. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕಾಶ್ಮೀರದ ಕ್ಷೇಮೇಂದ್ರನು ಹನ್ನೊಂದನೆಯ ಶತಮಾನದಲ್ಲಿ 'ಔಚಿತ್ಯವಿಚಾರಚರ್ಚಾ' ಎಂಬ ಗ್ರಂಥವನ್ನು ಬರೆದನು. ಆಭರಣವು ತನ್ನ ಸ್ಥಾನದಲ್ಲಿದ್ದರೆ ಮಾತ್ರ ಆಭರಣ, ಸ್ಥಾನ ತಪ್ಪಿದರೆ ಅದೇ ಹಾಸ್ಯಕ್ಕೆ ಕಾರಣವೆಂಬುದು ಅವನ ಮತದ ಸಾರ. ಕಾವ್ಯದಲ್ಲಿ ಉಪಮೆ ರೂಪಕಗಳು ಹೇಗೋ ಚಲಚ್ಚಿತ್ರದಲ್ಲಿ ಪಾತ್ರಧಾರಿಯ ಕೈಯಲ್ಲಿರುವ ವಸ್ತುವೂ ಹಾಗೆಯೇ. ಗೂಢಚಾರನ ಕತ್ತಿಯಾಗಲಿ ಪಿಸ್ತೂಲಾಗಲಿ ಆ ಪಾತ್ರದ ಸ್ವಭಾವವನ್ನು ನಮಗೆ ತಿಳಿಸಿಕೊಡಬೇಕು. ಹಾಗಲ್ಲದೆ ಪಾತ್ರವೇ ಆಯುಧವನ್ನು ನೇತುಹಾಕಲು ನೆಟ್ಟ ಗೂಟವಾದರೆ ಅಲ್ಲಿ ರಸಭಂಗವಾಯಿತೆಂದೇ ಹೇಳತಕ್ಕದ್ದು.

ಗೂಢಚಾರನ ಕಥೆಯು ನಮಗೆ ಸಮುದ್ರದಾಚೆಯಿಂದ ಬಂದುದೆಂದು ಅನೇಕರು ಭಾವಿಸಿದ್ದಾರೆ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಯ ಪ್ರತಿಯು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಶ್ರೀ ಆರ್. ಶಾಮಾಶಾಸ್ತ್ರಿಗಳ ಕಣ್ಣಿಗೆ ಬಿದ್ದು 1909ರಲ್ಲಿ ಅಚ್ಚಾಯಿತೆಂಬುದನ್ನು ಅವರು ಮರೆಯುತ್ತಾರೆ. ಅದರಲ್ಲಿ ಚಾರರ ವರ್ಗಗಳನ್ನು ಹೇಳುವಾಗ 'ತೀಕ್ಷ್ಣ'ರೆಂಬವರ ಪ್ರಸ್ತಾಪವಿದೆ. ಹಣಕ್ಕಾಗಿ ಆನೆಯೊಡನೆಯೂ ಕಾದಾಡಬಲ್ಲ, ಪ್ರಾಣದ ಹಂಗು ತೊರೆದ ಜನ ಇವರು. ಇಂಥವರಿಗೆ ಕೌಟಿಲ್ಯನು ಕೊಡುವ ಕೆಲಸವೇನು? ರಾಜಪುರುಷರಿಗೆ ಕೊಡೆ ಹಿಡಿಯುವುದು, ಬೀಸಣಿಗೆ ಬೀಸುವುದು, ಪಾದುಕೆ ತಂದಿಡುವುದು! ಅದೇ ಗ್ರಂಥದ ಅಂತಃಪುರಪ್ರಕರಣದಲ್ಲಿ ವಿದೂರಥನೆಂಬ ರಾಜನನ್ನು ಅವನ ರಾಣಿಯು ಜಡೆಯಲ್ಲಿ ಅಡಗಿಸಿದ್ದ ಶಸ್ತ್ರದಿಂದ ಕೊಂದಳೆಂದೂ, ವೈರಂತ್ಯನೆಂಬವನು ವಿಷಲೇಪನವಾದ ಕಾಲಂದುಗೆಯಿಂದ ಸತ್ತನೆಂದೂ ಹೇಳಿದೆ. ಗೂಢಾಯುಧದ ಭಯಾನಕತೆಯು ಉಕ್ಕಿನಲ್ಲಿಲ್ಲ. ನಂಬಿದ ವಸ್ತುವೇ, ನಂಬಿದ ಕೈಯೇ ಶತ್ರುವಾಗುವುದರಲ್ಲಿದೆ. ಕೊಡೆ, ಪಾದುಕೆ, ಜಡೆ, ಕಾಲಂದುಗೆ ಇವುಗಳಿಗಿಂತ ಹೆಚ್ಚು ನಂಬಿಕೆಯ ವಸ್ತುಗಳು ಯಾವುವು?

ಈ ಶಾಸ್ತ್ರವಿಷಯವನ್ನು ಕಾವ್ಯವಾಗಿ ಮಾಡಿದವನು ವಿಶಾಖದತ್ತ. ಅವನ 'ಮುದ್ರಾರಾಕ್ಷಸ' ನಾಟಕದಲ್ಲಿ ಆಯುಧವು ಮೂರು ಸಲ ಮುಖ್ಯವಾಗಿ ಬರುತ್ತದೆ. ಮೊದಲನೆಯದು, ಅಮಾತ್ಯ ರಾಕ್ಷಸನು ಚಂದ್ರಗುಪ್ತನನ್ನು ಕೊಲ್ಲಿಸಲು ನೇಮಿಸಿದ ಬರ್ಬರಕನೆಂಬ ಮಾವಟಿಗನದು. ಅವನ ಚಿನ್ನದ ಕೋಲಿನೊಳಗೆ ಚೂರಿಯು ಅಡಗಿದೆ. ಚಂದ್ರಗುಪ್ತನ ವೇಷದಲ್ಲಿ ಬಂದ ವೈರೋಚಕನು ಚಂದ್ರಲೇಖೆಯೆಂಬ ಹೆಣ್ಣಾನೆಯ ಮೇಲೆ ಕುಳಿತು ನಗರವನ್ನು ಹೊಗುತ್ತಿರುವಾಗ ಮಾವಟಿಗನು ಆ ಕೋಲಿಗೆ ಕೈಹಾಕುತ್ತಾನೆ. ತನಗೆ ಪೆಟ್ಟು ಬೀಳುವುದೆಂದು ಶಂಕಿಸಿದ ಆನೆಯು ನಡೆಯನ್ನು ಬದಲಿಸುತ್ತದೆ. ಅಷ್ಟರಿಂದ ದಾರುವರ್ಮನು ಕೆಡಹಿದ ಯಂತ್ರತೋರಣವು ಗುರಿ ತಪ್ಪಿ ಮಾವಟಿಗನ ಮೇಲೆಯೇ ಬೀಳುತ್ತದೆ. ದಾರುವರ್ಮನು ಕಬ್ಬಿಣದ ಅಗುಳಿಯಿಂದ ವೈರೋಚಕನನ್ನು ಕೊಂದು, ತಾನೂ ಜನರ ಕಲ್ಲೇಟಿನಿಂದ ಸಾಯುತ್ತಾನೆ. ಮೂವರು ಸತ್ತರು, ಸಾಯಬೇಕಾಗಿದ್ದವನು ಬದುಕಿದನು. ಆನೆಯ ಹೆಜ್ಜೆ ಸಪ್ಪಳಕ್ಕೆ ರಾತ್ರಿ ಎಚ್ಚರವಾಗಿ ಕುಳಿತಿರುವ ನಮ್ಮ ಸಕಲೇಶಪುರ ಆಲೂರುಗಳ ಜನರಿಗೆ ಈ ಸಂದರ್ಭದ ಸಹಜತೆಯನ್ನು ವಿವರಿಸಬೇಕಾಗಿಲ್ಲ. ಮನುಷ್ಯನ ಎಣಿಕೆಯೆಲ್ಲ ಆನೆಯ ಒಂದು ಹೆಜ್ಜೆಯಿಂದ ತಲೆಕೆಳಗಾಗಬಲ್ಲುದು.

ಎರಡನೆಯದು ರಾಕ್ಷಸನ ಖಡ್ಗ. ವಧ್ಯಸ್ಥಾನಕ್ಕೆ ಒಯ್ಯಲ್ಪಡುತ್ತಿರುವ ಮಿತ್ರ ಚಂದನದಾಸನನ್ನು ಬಿಡಿಸಲು ಅವನು ಖಡ್ಗವನ್ನು ಹಿರಿಯುತ್ತಾನೆ. ಆದರೆ ಶಸ್ತ್ರ ಹಿಡಿದವನನ್ನು ಕಂಡೊಡನೆ ಘಾತಕರು ಮಿತ್ರನನ್ನು ಬೇಗನೆ ಕೊಂದುಬಿಡುವರೆಂದು ತಿಳಿದು, ಅದನ್ನು ಬಿಟ್ಟು ತನ್ನ ಪ್ರಾಣವನ್ನೇ ಒಪ್ಪಿಸಲು ಹೋಗುತ್ತಾನೆ. ಮೂರನೆಯದು ಕೊನೆಯ ಅಂಕದಲ್ಲಿ ಚಾಣಕ್ಯನು ಅವನಿಗೆ ನೀಡುವ ಅಮಾತ್ಯಪದವಿಯ ಶಸ್ತ್ರ. ಅದನ್ನು ಸ್ವೀಕರಿಸಿದರೆ ಮಿತ್ರನು ಬದುಕುತ್ತಾನೆ, ಆದರೆ ಹಗೆಯ ಸೇವೆಯನ್ನು ಒಪ್ಪಿಕೊಂಡಂತಾಗುತ್ತದೆ. ಒಂದು ಶಸ್ತ್ರವು ಸೋತಿತು, ಒಂದನ್ನು ಕೈಬಿಡಬೇಕಾಯಿತು, ಒಂದನ್ನು ಕೈಯಲ್ಲಿ ಹಿಡಿಯುವುದೇ ಸೋಲಾಯಿತು. ಇವೆಲ್ಲಕ್ಕಿಂತ ಬಲವಾಗಿ ಕೆಲಸ ಮಾಡಿದುದೋ, ಮಗುವನ್ನು ಒಳಗೆಳೆದುಕೊಳ್ಳುವಾಗ ಹೆಂಗಸಿನ ಬೆರಳಿನಿಂದ ಜಾರಿ ಹೊಸ್ತಿಲಾಚೆ ಉರುಳಿದ ಒಂದು ಮುದ್ರೆಯುಂಗುರ! ಚಾಣಕ್ಯನ ಪಕ್ಷದಲ್ಲಿ ರಕ್ತವೇ ಹರಿಯಲಿಲ್ಲವೆಂದು ನಾನು ಹೇಳುವುದಿಲ್ಲ. ವಿಷಕನ್ಯೆಯನ್ನು ಪರ್ವತಕನ ಮೇಲೆ ಪ್ರಯೋಗಿಸಿದವನು ಅವನೇ. ಆದರೆ ಕವಿಯ ದೃಷ್ಟಿಯು ಕೊಲೆಯ ಮೇಲಿಲ್ಲ. ಕೊಲ್ಲಿಸುವವನ ಮನಸ್ಸಿನ ಮೇಲಿದೆ.

ಕನ್ನಡಕ್ಕೂ ಈ ಕಥೆಗೂ ಹಳೆಯ ನಂಟು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕೆಂಪುನಾರಾಯಣನು 1823ರಲ್ಲಿ ಇದನ್ನೇ 'ಮುದ್ರಾಮಂಜೂಷ'ವೆಂಬ ಗದ್ಯಗ್ರಂಥವಾಗಿ ರಚಿಸಿದನು. ಹೊಸ ಕಾಲದ ಕನ್ನಡ ಗದ್ಯದ ಮೊದಮೊದಲ ಕೃತಿಗಳಲ್ಲಿ ಒಂದು ಗೂಢಚಾರರ ಕಥೆಯಾಗಿರುವುದು ಅಲ್ಪವಾದ ಸಂಗತಿಯಲ್ಲ.

ಇನ್ನು ಪಾಶ್ಚಾತ್ಯರ ಚಿತ್ರಗಳನ್ನು ನೋಡೋಣ. ಇಯಾನ್ ಫ್ಲೆಮಿಂಗನ ಕಾದಂಬರಿಗಳಲ್ಲಿ ಬಾಂಡನ ಕೈಯಲ್ಲಿ ಮೊದಲು ಇದ್ದುದು ಬೆರೆಟಾ ಎಂಬ ಸಣ್ಣ ಪಿಸ್ತೂಲು. ಗ್ಲಾಸ್ಗೋ ನಗರದ ಜೆಫ್ರಿ ಬೂತ್‌ರಾಯ್ಡ್ ಎಂಬ ಶಸ್ತ್ರಜ್ಞನು 1956ರಲ್ಲಿ ಲೇಖಕನಿಗೆ ಕಾಗದ ಬರೆದು, ಅದು ಹೆಂಗಸರಿಗೆ ತಕ್ಕುದೇ ಹೊರತು ಇಂಥ ವೀರನಿಗೆ ತಕ್ಕುದಲ್ಲವೆಂದು ಆಕ್ಷೇಪಿಸಿದನು. ಫ್ಲೆಮಿಂಗನು ಆಕ್ಷೇಪವನ್ನು ಒಪ್ಪಿದುದಲ್ಲದೆ 1958ರ 'ಡಾಕ್ಟರ್ ನೋ' ಕಾದಂಬರಿಯಲ್ಲಿ ಆ ಮಹಾಶಯನ ಹೆಸರನ್ನೇ ಆಯುಧಾಗಾರದ ಅಧಿಕಾರಿಗೆ ಇಟ್ಟನು. 1962ರ ಚಿತ್ರದಲ್ಲಿಯೂ ಆ ಸಂದರ್ಭವಿದೆ. ಮೇಲಧಿಕಾರಿಯು ಬೆರೆಟಾವನ್ನು ಬಾಂಡನಿಂದ ಕಸಿದುಕೊಂಡು 7.65 ಮಿಲ್ಲಿಮೀಟರಿನ ವಾಲ್ಟರ್ ಪಿ.ಪಿ.ಕೆ. ಪಿಸ್ತೂಲನ್ನು ಕೊಡಿಸುತ್ತಾನೆ. ಬಾಂಡನು ಹೊರಡುವಾಗ ಹಳೆಯದನ್ನೂ ಮೆಲ್ಲನೆ ಒಯ್ಯಲು ನೋಡುತ್ತಾನೆ. ಮೇಲಧಿಕಾರಿಯು ತಲೆಯೆತ್ತದೆಯೇ ಅದನ್ನು ಅಲ್ಲಿಯೇ ಬಿಡುವಂತೆ ಆಜ್ಞಾಪಿಸುತ್ತಾನೆ. ಆ ಚಿತ್ರಗಳ ಪಿಸ್ತೂಲಿನ ದೃಶ್ಯಗಳಲ್ಲೆಲ್ಲ ನನ್ನ ಮತದಲ್ಲಿ ಇದೇ ಉತ್ತಮವಾದುದು. ಒಂದು ಗುಂಡೂ ಹಾರದಿದ್ದರೂ ಆಳು ಯಾರು, ಅರಸು ಯಾರು ಎಂಬುದು ಸ್ಪಷ್ಟವಾಗುತ್ತದೆ. ರಾಕ್ಷಸನ ಶಸ್ತ್ರಸ್ವೀಕಾರಕ್ಕೆ ಇದು ದೂರದ ನೆಂಟನೆಂದರೂ ಸಲ್ಲುತ್ತದೆ. ವಾಲ್ಟರಿನ ಹೆಸರು ಜನರ ಮನಸ್ಸಿನಲ್ಲಿ ನಿಂತುದಕ್ಕೆ ಕಾರಣವೂ ಇದೇ.

1963ರ 'ಫ್ರಮ್ ರಷ್ಯಾ ವಿತ್ ಲವ್' ಚಿತ್ರದಲ್ಲಿ ಬಾಂಡನಿಗೆ ಒಂದು ಕೈಪೆಟ್ಟಿಗೆ ದೊರೆಯುತ್ತದೆ: ಅದರಲ್ಲಿ ಎಸೆಯುವ ಚೂರಿ, ಮಡಿಚಿಡುವ ರೈಫಲು, 50 ಚಿನ್ನದ ನಾಣ್ಯಗಳು, ಪೌಡರಿನ ಡಬ್ಬಿಯಲ್ಲಿ ಕಣ್ಣೀರು ಬರಿಸುವ ಅನಿಲ. ರೈಲಿನಲ್ಲಿ ಸಾವು ಎದುರಿಗಿರುವಾಗ ಬಾಂಡನನ್ನು ಕಾಪಾಡುವುದು ಮೊದಲು ಚೂರಿಯಲ್ಲ, ಶತ್ರುವಿನ ನಾಣ್ಯದಾಶೆ. ಚಿನ್ನಕ್ಕಾಗಿ ಪೆಟ್ಟಿಗೆ ತೆರೆಯುವಾಗಲೇ ಅನಿಲ ಸಿಡಿಯುತ್ತದೆ. ಅದೇ ಚಿತ್ರದ ರೋಸಾ ಕ್ಲೆಬ್ ಎಂಬ ಹೆಂಗಸಿನ ಪಾದರಕ್ಷೆಯಿಂದ ವಿಷದ ಅಲಗು ಹೊರಬರುತ್ತದೆ. ಕೌಟಿಲ್ಯನ ಪಾದುಕೆಯವನನ್ನು ಬಲ್ಲವರಿಗೆ ಇದು ಹೊಸದಲ್ಲ. ಇಲ್ಲಿಯವರೆಗೆ ಔಚಿತ್ಯವು ಕೆಟ್ಟಿಲ್ಲ. ಆದರೆ ಅದೇ ಚಿತ್ರದ ಪ್ರಚಾರಕ್ಕಾಗಿ ಬಾಂಡನ ಪಾತ್ರಧಾರಿಯು ಎದೆಗೊತ್ತಿ ಹಿಡಿದು ನಿಂತ ಪಿಸ್ತೂಲಿನ ಕಥೆ ಕೇಳಿ. ಛಾಯಾಚಿತ್ರ ತೆಗೆಯುವ ದಿನ ವಾಲ್ಟರನ್ನು ತರಲು ಮರೆತುದರಿಂದ ಛಾಯಾಗ್ರಾಹಕನು ತನ್ನ ಸ್ವಂತದ ಗಾಳಿಪಿಸ್ತೂಲನ್ನು ಕೊಟ್ಟನಂತೆ. ಹೊಂಚಿ ಕೊಲ್ಲುವ ವೀರನ ಲಾಂಛನವಾಗಿ ಲೋಕವು ನೋಡಿದುದು ಗುರಿಯಾಟದ ಸಾಧನವನ್ನು! 2010ರಲ್ಲಿ ಲಂಡನ್ನಿನ ಹರಾಜಿನಲ್ಲಿ ಅದು 2,77,250 ಪೌಂಡುಗಳಿಗೆ ಮಾರಾಟವಾಯಿತು. ಪಾತ್ರದಿಂದ ಬೇರ್ಪಟ್ಟ ಆಯುಧವು ಹೇಗೆ ಬರಿಯ ಭಂಗಿಯಾಗುತ್ತದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ನಮ್ಮವರು ತೆಗೆದುಕೊಂಡುದು ಈ ಭಂಗಿಯನ್ನು. ದೊರೈ ಮತ್ತು ಭಗವಾನ್ ಅವರು 1968ರಲ್ಲಿ 'ಜೇಡರ ಬಲೆ' ಮತ್ತು 'ಗೋವಾದಲ್ಲಿ ಸಿ.ಐ.ಡಿ. 999', 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999', ಒಂಬತ್ತು ವರ್ಷಗಳ ತರುವಾಯ 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್' ಚಿತ್ರಗಳನ್ನು ನಿರ್ದೇಶಿಸಿದರು. ನಾಲ್ಕರಲ್ಲಿಯೂ ನಾಯಕರು ಶ್ರೀ ರಾಜಕುಮಾರ್ ಅವರು. ಕನ್ನಡಕ್ಕೂ ಇಂಥ ಚಿತ್ರ ಬರಬಹುದೆಂದು ತೋರಿಸಿದ ಧೈರ್ಯಕ್ಕಾಗಿ ಅವರೆಲ್ಲರಿಗೂ ನಾವು ಋಣಿಗಳು. ಅವುಗಳನ್ನು ನೋಡಿ ಆನಂದಪಟ್ಟವರಲ್ಲಿ ನಾನೂ ಒಬ್ಬನು. ಆದರೂ ವಿಮರ್ಶಕನು ಸತ್ಯವನ್ನು ಹೇಳಬೇಕು. ರಾಜಕುಮಾರ್ ಅವರದು ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ಪಳಗಿದ ದೇಹ; 1960ರ 'ರಣಧೀರ ಕಂಠೀರವ'ದಲ್ಲಿ ಖಡ್ಗ ಹಿಡಿದ ಕೈ. ಖಡ್ಗವು ಆ ತೋಳಿನ ಮುಂದುವರಿದ ಭಾಗದಂತೆ ಕಾಣುತ್ತದೆ. ಪಿಸ್ತೂಲು ಹಾಗೆ ಕಾಣುವುದಿಲ್ಲ. ಅದು ಹಿಡಿದುಕೊಂಡ ವಸ್ತುವಾಗಿ ಉಳಿಯುತ್ತದೆ. ಅವರು ಮಾತಾಡಿದಾಗ, ಮುಷ್ಟಿ ಬಿಗಿದಾಗ ಪಾತ್ರಕ್ಕೆ ಜೀವ ಬರುತ್ತದೆ. ಪಿಸ್ತೂಲು ತೆಗೆದಾಗ ಪರದೇಶದ ಮತ್ತೊಬ್ಬನ ನೆನಪಾಗುತ್ತದೆ. ಅದರ ಹೆಸರು ಜನರ ಬಾಯಲ್ಲಿ ನಿಲ್ಲದಿದ್ದುದಕ್ಕೆ ಇದೇ ಕಾರಣವೆಂದು ನಾನು ತಿಳಿಯುತ್ತೇನೆ.

ಇದು ನಿರ್ದೇಶಕರ ಅಶಕ್ತಿಯೆಂದು ಹೇಳಲಾಗದು. ಅದೇ ಇಬ್ಬರು, ಅದೇ ನಟರೊಡನೆ, 1971ರಲ್ಲಿ 'ಕಸ್ತೂರಿ ನಿವಾಸ'ವನ್ನು ಮಾಡಿದರು. ಅದರಲ್ಲಿ ಬೀಳಿಸಿದಷ್ಟು ಸಲವೂ ಎದ್ದು ನಿಲ್ಲುವ ಒಂದು ಗೊಂಬೆ, ಅತಿಥಿಸತ್ಕಾರಕ್ಕಾಗಿ ಕಳೆದುಕೊಂಡ ಒಂದು ಪಾರಿವಾಳ ಇವು ಎಷ್ಟು ಮಾತಾಡುತ್ತವೆ! ಕೇಳಿದವರಿಗೆ ಇಲ್ಲವೆನ್ನದ ಒಬ್ಬನ ಬದುಕೆಲ್ಲ ಆ ಪಾರಿವಾಳದಲ್ಲಿದೆ. ವಸ್ತುವಿನಿಂದ ಪಾತ್ರವನ್ನು ಹೇಳಿಸುವ ವಿದ್ಯೆ ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೂಢಚಾರನ ವಿಷಯದಲ್ಲಿ ಮಾತ್ರ ಅವರು ಮನೆಯ ಮಂಜೂಷವನ್ನು ತೆರೆಯದೆ ನೆರೆಯವರ ಪೆಟ್ಟಿಗೆಯನ್ನು ಎರವಲು ತಂದರು.

"ಅವು ವಿನೋದದ ಚಿತ್ರಗಳು, ಅವುಗಳಲ್ಲಿ ಇಷ್ಟೆಲ್ಲ ಹುಡುಕುವುದೇಕೆ?" ಎಂದು ಕೆಲವರು ಕೇಳಬಹುದು. ವಿನೋದಕ್ಕೂ ಔಚಿತ್ಯಕ್ಕೂ ವಿರೋಧವಿಲ್ಲವೆಂಬುದೇ ನನ್ನ ಉತ್ತರ. 2018ರ 'ರಾಜಿ' ಎಂಬ ಹಿಂದೀ ಚಿತ್ರವನ್ನು ಜನರು ಮುಗಿಬಿದ್ದು ನೋಡಿದರು. 1971ರ ಯುದ್ಧದ ಹಿನ್ನೆಲೆಯಲ್ಲಿ ಶತ್ರುದೇಶದ ಮನೆಗೆ ಸೊಸೆಯಾಗಿ ಹೋದ ಹೆಣ್ಣುಮಗಳ ಕಥೆ ಅದು. ಅವಳ ಆಯುಧಗಳಲ್ಲೊಂದು ಕೊಡೆಯ ತುದಿಯ ವಿಷ. 1978ರಲ್ಲಿ ಲಂಡನ್ನಿನಲ್ಲಿ ಬಲ್ಗೇರಿಯಾದ ಲೇಖಕ ಜಾರ್ಜಿ ಮಾರ್ಕೋವ್ ಸತ್ತುದು ಅಂಥದೇ ಕೊಡೆಯಿಂದೆಂದು ಪ್ರಸಿದ್ಧಿಯಿದೆ. ಆದರೆ ಚಿತ್ರದಲ್ಲಿ ನಮ್ಮ ಕಣ್ಣು ಕೊಡೆಯ ಮೇಲೆ ನಿಲ್ಲುವುದಿಲ್ಲ. ಅದನ್ನು ಹಿಡಿದವಳ ಮುಖದ ಮೇಲೆ ನಿಲ್ಲುತ್ತದೆ. ಕೊಂದ ಮೇಲೆ ಅವಳು ಮೊದಲಿನವಳಾಗಿ ಉಳಿಯುವುದಿಲ್ಲ. ಎದುರಾಳಿಗೆ ಆದ ಗಾಯದಷ್ಟೇ ಆಳವಾಗಿ ಹಿಡಿದವಳಿಗೂ ಗಾಯವಾಯಿತೆಂದು ತೋರಿಸಿದುದರಿಂದಲೇ ಅಲ್ಲಿ ಆಯುಧವು ಸಾರ್ಥಕವಾಯಿತು.

ಈ ಮಾತು ಮಲೆನಾಡಿನವರಿಗೆ ಇತರರಿಗಿಂತ ಬೇಗ ಅರ್ಥವಾಗಬೇಕು. ನಮ್ಮ ತೋಟದ ಮನೆಗಳಲ್ಲಿ ಗೋಡೆಯ ಮೇಲೆ ಕೋವಿಯುಂಟು. ಅದಕ್ಕೆ ಪರವಾನಗಿ ಬೇಕು, ತೋಟಾಗಳಿಗೆ ಲೆಕ್ಕ ಬೇಕು. ಮಳೆಗಾಲದಲ್ಲಿ ತುಕ್ಕು ಹಿಡಿಯದಂತೆ ನಳಿಗೆಯನ್ನು ಒರಸಿ ಎಣ್ಣೆ ಹಚ್ಚಬೇಕು. ಚುನಾವಣೆ ಬಂದರೆ ಪೋಲೀಸು ಠಾಣೆಗೆ ಒಪ್ಪಿಸಿ ರಸೀದಿ ಪಡೆಯಬೇಕು. ಕೋವಿಯು ಮನೆಯಲ್ಲಿರುವುದು ಒಂದು ಹೊಣೆಯೆಂದು ಹಿರಿಯರು ಬಲ್ಲರು. ಅದನ್ನು ಎದೆಗೊತ್ತಿ ಹಿಡಿದು ಚಿತ್ರ ತೆಗೆಸಿಕೊಳ್ಳುವುದು ಅವರಿಗೆ ಹೊಳೆಯುವ ಮಾತಲ್ಲ. ತೆರೆಯ ಮೇಲಿನ ಪಿಸ್ತೂಲಿಗೆ ಭಾರವಿಲ್ಲ, ಲೆಕ್ಕವಿಲ್ಲ, ರಸೀದಿಯಿಲ್ಲ. ಭಾರವಿಲ್ಲದ ಆಯುಧವನ್ನು ನೋಡಿ ನೋಡಿ ಬೆಳೆದ ಮಕ್ಕಳು ಆಯುಧಕ್ಕೆ ಭಾರವೇ ಇಲ್ಲವೆಂದು ನಂಬಿದರೆ ತಪ್ಪು ಅವರದಲ್ಲ, ಕಥೆ ಹೇಳಿದವರದು.

ಪ್ರಶ್ನೆ ಕೇಳಿದ ತರುಣರಿಗೆ ನಾನು ಇಷ್ಟನ್ನೂ ಹೇಳಿ ಕಳುಹಿಸಿದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮುದ್ರಾಮಂಜೂಷದ ಪ್ರತಿ ಎಲ್ಲಿಯಾದರೂ ಸಿಕ್ಕೀತೇ ಎಂದು ಕೇಳಿದರು. ನನ್ನಲ್ಲಿದ್ದುದನ್ನು ಕೊಟ್ಟೆನು. ಕನ್ನಡದಲ್ಲಿ ಇನ್ನೊಬ್ಬ ಗೂಢಚಾರನು ಹುಟ್ಟುವುದಾದರೆ ಅವನ ಕೈಗೆ ಯಾವ ಕಂಪನಿಯ ಪಿಸ್ತೂಲನ್ನು ಕೊಡಬೇಕೆಂಬುದನ್ನು ಕಥೆಗಾರರು ಕೊನೆಯಲ್ಲಿ ಯೋಚಿಸಲಿ. ಅದನ್ನು ಕೊಡುವವರು ಯಾರು, ಪಡೆದವನು ಕಳೆದುಕೊಳ್ಳುವುದು ಏನು ಎಂಬುದನ್ನು ಮೊದಲು ಯೋಚಿಸಲಿ ಎಂದು ವಿಜ್ಞಾಪಿಸಿಕೊಳ್ಳುತ್ತೇನೆ.