ಲಾನ್ಸರೋಟೆಯ ಗುಹೆ, ನಮ್ಮೂರ ಹಗೇವು

"ರೊಕ್ಕಾ ಕೊಟ್ಟು ಕತ್ತಲದಾಗ ಇಳದ್ಯೇನೋ?" ಅಂತ ಅಪ್ಪ ಫೋನಿನಲ್ಲಿ ನಕ್ಕರು. ಕತ್ತಲೆಗೇ ಆಗಿದ್ದರೆ ಕೊಟ್ಟಿದ್ದಕ್ಕೆ ಬೇಜಾರಿರಲಿಲ್ಲ. ಅಲ್ಲಿ ಕತ್ತಲೆಯೇ ಇಲ್ಲ ಅನ್ನೋದು ನನ್ನ ತಕರಾರು.

ಸ್ಪೇನಿಗೆ ಸೇರಿದ, ಆಫ್ರಿಕಾ ಕರಾವಳಿಗೆ ಹತ್ತಿರದ ದ್ವೀಪ ಲಾನ್ಸರೋಟೆ. ಸುಮಾರು 21,000 ವರ್ಷಗಳ ಹಿಂದೆ ಲಾ ಕೊರೊನಾ ಜ್ವಾಲಾಮುಖಿ ಉಗುಳಿದ ಲಾವಾ ಸಮುದ್ರದ ಕಡೆ ಹರಿಯುವಾಗ ಮೇಲ್ಪದರ ಹಾಲಿನ ಕೆನೆಯ ಹಾಗೆ ಗಟ್ಟಿಯಾಯ್ತು, ಒಳಗಿನದ್ದು ಹರಿದು ಖಾಲಿಯಾಯ್ತು. ಉಳಿದದ್ದು ಒಂದು ಕೊಳವೆ. ನೆಲದಡಿ ಸುಮಾರು 6 ಕಿ.ಮೀ. ಸಾಗಿ, ಸಮುದ್ರದ ತಳದಲ್ಲೂ ಒಂದೂವರೆ ಕಿ.ಮೀ. ಹೋಗುತ್ತೆ. ಪ್ರವಾಸಿಗರು ನೋಡೋದು ಇದರ ಎರಡು ತುಂಡುಗಳನ್ನ.

ಮೊದಲನೆಯದು ಕ್ವೇವಾ ದೆ ಲೋಸ್ ವೆರ್ದೆಸ್, 1964ರಲ್ಲಿ ತೆರೆದದ್ದು. ಹೆಸೂಸ್ ಸೊಟೊ ಮಾಡಿದ ಬೆಳಕಿನ ಕೆಲಸ ನಿಜಕ್ಕೂ ಚೆನ್ನಾಗಿದೆ. ದೀಪ ಎಲ್ಲಿದೆ ಅಂತ ಹುಡುಕಬೇಕು, ಕಲ್ಲಿನ ಕೆಂಪು, ಹಳದಿ ಮಾತ್ರ ಕಣ್ಣಿಗೆ ಬೀಳುತ್ತೆ. ಕೊನೆಯಲ್ಲೊಂದು ಗುಟ್ಟಿದೆ, ಹೋದವರು ಯಾರೂ ಹೇಳಲ್ಲ, ನಾನೂ ಹೇಳಲ್ಲ. ಆದರೆ 16–17ನೇ ಶತಮಾನದಲ್ಲಿ ಕಡಲ್ಗಳ್ಳರು ಬಂದಾಗ ದ್ವೀಪದ ಜನ ಮಕ್ಕಳು ಮರಿ ಕಟ್ಟಿಕೊಂಡು ಅಡಗಿದ್ದು ಇದೇ ಜಾಗದಲ್ಲಿ. ಅವರನ್ನ ಕಾಪಾಡಿದ್ದು ಕತ್ತಲೆ. ಅದನ್ನೇ ಪೂರ್ತಿ ತೊಳೆದುಹಾಕಿ ಆ ಕಥೆ ಹೇಳಿದರೆ ಹೇಗೆ ಮುಟ್ಟಬೇಕು?

ನಮ್ಮೂರಲ್ಲಿ ಜೋಳ ತುಂಬುವ ಹಗೇವು ಇತ್ತು. ಇಳಿಯೋ ಮುಂಚೆ ದೀಪ ಬಿಟ್ಟು ನೋಡ್ತಿದ್ರು, ಆರಿದರೆ ಒಳಗೆ ಉಸಿರಿಲ್ಲ ಅಂತ. ನೆಲದೊಳಗಿನ ಕತ್ತಲೆಗೆ ಒಂದು ತೂಕ ಇದೆ ಅಂತ ನನಗೆ ಗೊತ್ತಾದದ್ದು ಅದರ ಬಾಯಲ್ಲಿ ಬಗ್ಗಿ ನೋಡಿದಾಗ. ಇಲ್ಲೂ ಬರೀ ಒಂದು ನಿಮಿಷ ಎಲ್ಲ ದೀಪ ಆರಿಸಿದರೆ ಸಾಕಿತ್ತು.

ಎರಡನೆಯದು ಹಮೇಯೋಸ್ ದೆಲ್ ಆಗ್ವಾ. ಕೊಳವೆಯ ಚಾವಣಿ ಕುಸಿದ ಜಾಗಕ್ಕೆ ಅಲ್ಲಿ ಹಮೇಯೋ ಅಂತಾರೆ. ಸೆಸರ್ ಮನ್ರಿಕೆ ಅನ್ನುವ ಕಲಾವಿದ ಅದರೊಳಗೆ ಮೆಟ್ಟಿಲು, ಬಾರು, ಗಿಡ, ಬೆಳ್ಳನೆಯ ಈಜುಕೊಳ ಎಲ್ಲ ಕೂರಿಸಿದ. 1966ರಲ್ಲಿ ಜನರಿಗೆ ತೆರೆಯಿತು. ಆತನನ್ನ ಹೊಗಳದವರಿಲ್ಲ. ಬೆಟ್ಟ ಅಗೆದು ರೆಸಾರ್ಟ್ ಕಟ್ಟೋದನ್ನ ನೋಡಿ ಬೆಳೆದ ನನಗೂ ಆತನ ಸಂಯಮ ಇಷ್ಟವೇ. ಈಜುಕೊಳ ಮಾತ್ರ ಒಪ್ಪಿಗೆಯಾಗಲಿಲ್ಲ. ಕಪ್ಪು ಕಲ್ಲಿನ ಪಕ್ಕ ಅದು ಫೋಟೋಗೆ ಅಂತಲೇ ನಿಂತ ಹಾಗಿದೆ.

ನಿಜವಾದ ಮಾಲೀಕರು ಒಳಗಿನ ಉಪ್ಪುನೀರಿನ ಹೊಂಡದಲ್ಲಿದ್ದಾರೆ. ಕಣ್ಣಿಲ್ಲದ, ಬಿಳಿಯ, ಪುಟ್ಟ ಏಡಿಯಂಥ ಜೀವಿಗಳು. ಜಗತ್ತಿನಲ್ಲಿ ಈ ದ್ವೀಪ ಬಿಟ್ಟರೆ ಬೇರೆಲ್ಲೂ ಇಲ್ಲ, ಇವುಗಳ ಹತ್ತಿರದ ನೆಂಟರು ಆಳಸಮುದ್ರದವು. ಬಗ್ಗಿ ನೋಡ್ತಿದ್ದ ಹಾಗೆ ನನ್ನ ಕೈ ತಾನಾಗಿ ಜೇಬಿಗೆ ಹೋಯ್ತು. ಬಸ್ಸು ಕೃಷ್ಣಾ ಸೇತುವೆ ಮೇಲೆ ಬಂದಾಗ ಅವ್ವ ಕೈಗೆ ನಾಣ್ಯ ಕೊಟ್ಟು "ಹಾಕಪಾ" ಅಂತಿದ್ದ ಅಭ್ಯಾಸ ನೋಡಿ. ಆಮೇಲೆ ಫಲಕ ಕಾಣಿಸ್ತು. ನಾಣ್ಯ ಹಾಕಬೇಡಿ, ಅದರ ಲೋಹ ನೀರಿಗಿಳಿದು ಇವನ್ನ ಕೊಲ್ಲುತ್ತೆ.

ನಾಣ್ಯ ಜೇಬಿಗೇ ವಾಪಸ್ ಹಾಕಿಕೊಂಡೆ. ಅಷ್ಟರಲ್ಲಿ ಪಕ್ಕದಲ್ಲಿ ಯಾರೋ ಮಗುವಿಗೆ ಏಡಿ ಕಾಣಲಿ ಅಂತ ಮೊಬೈಲಿನ ಟಾರ್ಚ್ ಹಚ್ಚಿದರು.