ಮೈಗೆ ಹಗುರ, ಉಸಿರಿಗೆ ಹಿತ: ನಮ್ಮೂರ ಖಾದಿ

ತಾಯ್ ಚಿಯಲ್ಲಿ ಮೊಣಕಾಲು ಬಾಗುತ್ತದೆ, ಸೊಂಟ ತಿರುಗುತ್ತದೆ, ಉಸಿರಿನ ಜೊತೆ ಕೈ ನಿಧಾನವಾಗಿ ಮೇಲೇಳುತ್ತದೆ. ಬಟ್ಟೆ ಎಲ್ಲಿ ಬಿಗಿಯಿತು, ಎಲ್ಲಿ ಅಂಟಿತು ಎಂಬುದು ಆಗ ಮೈಗೆ ಚೆನ್ನಾಗಿ ಗೊತ್ತಾಗುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ ಕಲಿಯುವವರಿಗೂ ಕಲಿಸುವವರಿಗೂ ನನ್ನ ಮಾತು ಒಂದೇ: ಖಾದಿ ತೊಡಿ.

ಕೈನೂಲಿನ ಎಳೆ ಒಂದೆಡೆ ದಪ್ಪ, ಒಂದೆಡೆ ತೆಳು; ನಡುವಿನ ಸಂದಿಯಲ್ಲಿ ಗಾಳಿ ಆಡುತ್ತದೆ. ಹತ್ತಿ ತನ್ನ ತೂಕದ ಸುಮಾರು ಶೇ. 8ರಷ್ಟು ತೇವವನ್ನು ಗಾಳಿಯಿಂದಲೇ ಹೀರುತ್ತದೆ, ಪಾಲಿಯೆಸ್ಟರ್ ಶೇ. 1ನ್ನೂ ಮುಟ್ಟುವುದಿಲ್ಲ. ಬೇಸಿಗೆಯಲ್ಲಿ ಅಂಗಿ ಬೆನ್ನಿಗೆ ಮೆತ್ತಿದರೆ ಗಮನ ಚದುರುತ್ತದೆ. ಸಡಿಲ ಖಾದಿ ಜುಬ್ಬಾದಲ್ಲಿ ಆ ಕಿರಿಕಿರಿ ಇಲ್ಲ. ಹೊಸದರಲ್ಲಿ ತುಸು ಒರಟು, ಒಗೆದಷ್ಟೂ ಮೆದು.

ಈ ಖಾದಿ ನಮಗೆ ದೂರದ್ದೂ ಅಲ್ಲ: ಧಾರವಾಡ ಬಳಿಯ ಗರಗದ ಮಗ್ಗಗಳು ರಾಷ್ಟ್ರಧ್ವಜದ ಬಟ್ಟೆ ನೇಯ್ದಿವೆ. 1957ರಲ್ಲಿ ಹುಟ್ಟಿದ ಹುಬ್ಬಳ್ಳಿ ಬೆಂಗೇರಿಯ ಖಾದಿ ಸಂಘ ಆ ಧ್ವಜ ಹೊಲಿಯುತ್ತದೆ. ಇಂಥ ಕಸುಬು ಊರಲ್ಲೇ ಇರುವುದು ನಮ್ಮ ಭಾಗ್ಯ. ಕೊಂಡು ತೊಟ್ಟರೆ ನೇಕಾರರಿಗೂ ಬದುಕು.