ಯಶೋಧರ ಚರಿತೆ: ತಾಯಿ, ಮಗ ಮತ್ತು ಪಾಪದ ಬಾಧ್ಯತೆ

ಹಿರಿಯರು ಮಾಡಿದ ಪಾಪವನ್ನು ಮಕ್ಕಳು ಉಣ್ಣಬೇಕೆಂಬ ನಂಬಿಕೆ ನಮ್ಮ ಜನಜೀವನದಲ್ಲಿ ಆಳವಾಗಿ ಬೇರೂರಿರುವುದರಿಂದ, ಕಾವ್ಯಗಳನ್ನು ಓದುವಾಗಲೂ ನಾವು ಅದನ್ನು ಅರಿವಿಲ್ಲದೆಯೇ ಅವುಗಳ ಮೇಲೆ ಆರೋಪಿಸುತ್ತೇವೆ. ಭಾರತದ ಕಥೆ ಇದಕ್ಕೆ ಇಂಬು ಕೊಡುತ್ತದೆ: ಅಂಬಿಕೆ ಕಣ್ಣು ಮುಚ್ಚಿಕೊಂಡುದರಿಂದ ಧೃತರಾಷ್ಟ್ರನು ಕುರುಡನಾದನು; ಅಂಬಾಲಿಕೆ ವಿವರ್ಣಳಾದುದರಿಂದ ಪಾಂಡು ಬಿಳಿಚಿಕೊಂಡು ಹುಟ್ಟಿದನು. ಜನ್ನನ ಯಶೋಧರ ಚರಿತೆಯನ್ನೂ (1209) ಇದೇ ಅಳತೆಗೋಲಿನಿಂದ ಅಳೆದು, ತಾಯಿಯ ಪಾಪ ಮಗನಿಗೆ ತಟ್ಟಿದ ಕಥೆಯೆಂದು ವಿವರಿಸುವುದುಂಟು. ಈ ಓದು ಕಾವ್ಯದ ಮರ್ಮವನ್ನೇ ತಪ್ಪಿಸುತ್ತದೆಂಬುದು ನಮ್ಮ ಅಭಿಪ್ರಾಯ.

ಜೈನ ಕರ್ಮಸಿದ್ಧಾಂತದಲ್ಲಿ ಒಬ್ಬರ ಕರ್ಮವನ್ನು ಇನ್ನೊಬ್ಬರು ಅನುಭವಿಸುವಂತಿಲ್ಲ. ಇಂಥ ಕುಲದಲ್ಲಿ ಹುಟ್ಟುವುದು ಕೂಡ ಆ ಜೀವದ ಗೋತ್ರಕರ್ಮದ ಫಲ. ಹಾಗಾದರೆ ಚಂದ್ರಮತಿ ಯಶೋಧರನಿಗೆ ಮಾಡಿದ ಕೇಡಾದರೂ ಏನು? ಪತ್ನಿ ಅಮೃತಮತಿ ಮಾವುತ ಅಷ್ಟಾವಂಕನಲ್ಲಿ ಅನುರಕ್ತಳಾದುದನ್ನು ಕಣ್ಣಾರೆ ಕಂಡ ಅರಸನು ತಾಯಿಯ ಮುಂದೆ ಅದನ್ನು ಮರೆಮಾಚಿ, ಕೆಟ್ಟ ಕನಸೆಂದು ಹೇಳುತ್ತಾನೆ. ಅವಳು ಶಾಂತಿಗಾಗಿ ಬಲಿಯನ್ನು ಬೇಡುತ್ತಾಳೆ. ಅವನು ಮೊದಲು ನಿರಾಕರಿಸಿ, ಕೊನೆಗೆ ಹಿಟ್ಟಿನ ಕೋಳಿಗೆ ಒಪ್ಪುತ್ತಾನೆ. ಇಲ್ಲಿ ತಾಯಿಯಿಂದ ಮಗನಿಗೆ ದಾಟಿದ್ದು ಪಾಪವಲ್ಲ, ಆಜ್ಞೆ. ಆ ಆಜ್ಞೆಗೆ ತಲೆಬಾಗಿದ್ದು ಮಗನ ಸ್ವಂತ ಕ್ರಿಯೆ. ಕತ್ತಿ ಹಿಡಿದದ್ದು ಅವನದೇ ಕೈ, ಸಂಕಲ್ಪವೂ ಅವನದೇ. ಮಾತೃಭಕ್ತಿಯನ್ನು ಜನ್ನನು ರಿಯಾಯಿತಿಯ ಕಾರಣವೆಂದು ಎಣಿಸುವುದಿಲ್ಲ. ನವಿಲು ಮತ್ತು ನಾಯಿ ಮೊದಲಾಗಿ ಕೋಳಿಗಳ ಜನ್ಮದವರೆಗೆ ತಾಯಿ ಮಗ ಇಬ್ಬರೂ ಜೊತೆಜೊತೆಯಾಗಿಯೇ ತೊಳಲುತ್ತಾರೆ. ಹೊರೆ ಒಬ್ಬರಿಂದ ಒಬ್ಬರಿಗೆ ವರ್ಗವಾಗುವುದಿಲ್ಲ, ಹಂಚಿಕೆಯೂ ಆಗುವುದಿಲ್ಲ.

ಯಶೋಮತಿಯ ಪಾತ್ರದಲ್ಲಿ ಈ ನಿಲುವು ಇನ್ನೂ ಸ್ಪಷ್ಟ. ತಾಯಿ ಜಾರೆ, ಗಂಡನಿಗೂ ಅತ್ತೆಗೂ ವಿಷವಿಕ್ಕಿದವಳು. ಲೋಕದ ನಂಬಿಕೆಯಂತೆ ಅದರ ಕಲಂಕ ಮಗನಿಗೆ ಅಂಟಬೇಕಿತ್ತು. ಸಾಧಾರಣ ಕವಿಯಾಗಿದ್ದರೆ ಈ ಅವಕಾಶವನ್ನು ಬಿಡುತ್ತಿರಲಿಲ್ಲ. ಜನ್ನನು ಮಾತ್ರ ಮಗನ ಹುಟ್ಟಿನತ್ತ ಬೆರಳು ತೋರುವುದಿಲ್ಲ. ಯಶೋಮತಿಯ ದೋಷಗಳು ಅವನವೇ: ಬೇಟೆ, ಹಿಂಸೆ, ಅಜ್ಞಾನ. ತಂದೆಯ ಸದ್ಗತಿಗೆಂದು ನಡೆಸುವ ಶ್ರಾದ್ಧದ ಅಡುಗೆಗೆ ತಂದೆಯ ಜೀವವೇ ಬಲಿಯಾಗುವ ಸನ್ನಿವೇಶವು ಪಿತೃಋಣದ ಕಲ್ಪನೆಯನ್ನೇ ಅಲುಗಿಸುವಷ್ಟು ಕ್ರೂರವಾದ ವ್ಯಂಗ್ಯ. ಕೊನೆಗೆ ಅವನ ಬಾಣಕ್ಕೆ ಸತ್ತ ಕೋಳಿಗಳು ಕುಸುಮಾವಳಿಯ ಗರ್ಭದಲ್ಲಿ ಅವಳಿಗಳಾಗಿ ಹುಟ್ಟುತ್ತವೆ. ಹೀಗೆ ತಂದೆಯೂ ಅಜ್ಜಿಯೂ ಅವನಿಗೇ ಮಕ್ಕಳಾಗುತ್ತಾರೆ. ಹಿರಿಯರ ಪಾಪ ಮುಂದಿನ ಪೀಳಿಗೆಗೆ ಇಳಿಯುವುದಿಲ್ಲ. ಪಾಪ ಮಾಡಿದ ಜೀವವೇ ಇಳಿದು ಬರುತ್ತದೆ. ಎರಡೂ ಹೊರನೋಟಕ್ಕೆ ಒಂದೇ ಎಂಬಂತೆ ತೋರುವುದರಿಂದಲೇ ವಿಮರ್ಶೆ ಎಡವುತ್ತದೆ.

ಆದರೂ ಜನ್ನನನ್ನು ಪೂರ್ತಿಯಾಗಿ ಸಮರ್ಥಿಸಿಕೊಳ್ಳುವುದು ಕಷ್ಟ. ಅಷ್ಟಾವಂಕನ ವಿಕಾರ ದೇಹವನ್ನು ಅವನು ಬಣ್ಣಿಸುವ ಉತ್ಸಾಹದಲ್ಲಿ, ಮೈಯ ಊನವೆಂದರೆ ನಡತೆಯ ಊನವೆಂಬ ಹಳೆಯ ಪೂರ್ವಗ್ರಹ ಇಣುಕುತ್ತದೆ. ಮಗನ ವಿಷಯದಲ್ಲಿ ತೋರಿದ ಸಂಯಮ ಮಾವುತನಿಗೆ ದಕ್ಕಿಲ್ಲ.

ಗಿರೀಶ ಕಾರ್ನಾಡರ 'ಹಿಟ್ಟಿನ ಹುಂಜ' ಜನ್ಮಾಂತರಗಳನ್ನು ಕೈಬಿಟ್ಟು ಇಡೀ ಸಂಘರ್ಷವನ್ನು ಒಂದೇ ರಾತ್ರಿಗೆ ಇಳಿಸುತ್ತದೆ. ಅಲ್ಲಿ ಕರ್ಮದ ಲೆಕ್ಕವಿಲ್ಲ. ತಾಯಿಯ ಒತ್ತಾಯವೂ ಮಗನ ಸಮ್ಮತಿಯೂ ಮಾತ್ರ ಉಳಿಯುತ್ತವೆ. ನಮ್ಮ ಓದಿಗೆ ಇದು ಪರೋಕ್ಷವಾದ ಪುಷ್ಟಿ.

ಹೊರನಾಡಿನ ಸಂಶೋಧಕರಿಗೆ ಇಲ್ಲೊಂದು ಅನುಕೂಲವಿದೆ. ಇದೇ ಕಥೆ ಸೋಮದೇವಸೂರಿಯ ಸಂಸ್ಕೃತ ಯಶಸ್ತಿಲಕದಲ್ಲಿ (959), ಪುಷ್ಪದಂತನ ಅಪಭ್ರಂಶ ಜಸಹರಚರಿಉವಿನಲ್ಲಿ, ತಮಿಳಿನ ಯಶೋಧರ ಕಾವ್ಯದಲ್ಲಿ ಇದೆ. ಸೋಮದೇವನಿಗೆ ಆಶ್ರಯವಿತ್ತ ವೇಮುಲವಾಡದ ಚಾಲುಕ್ಯರು ಪಂಪನ ಆಶ್ರಯದಾತರ ವಂಶದವರೇ. ಆ ಊರು ಇಂದು ತೆಲಂಗಾಣದಲ್ಲಿದೆ. ತಾಯಿಯ ಒತ್ತಾಯ ಎಷ್ಟು, ಮಗನ ಪ್ರತಿರೋಧ ಎಷ್ಟು ಎಂಬುದನ್ನು ಈ ನಾಲ್ಕು ಪಠ್ಯಗಳಲ್ಲಿ ಸಾಲುಸಾಲಾಗಿ ಹೋಲಿಸಿ ನೋಡುವ ಕೆಲಸವನ್ನು ಚೆನ್ನೈ, ಹೈದರಾಬಾದುಗಳ ಕನ್ನಡ ವಿಭಾಗಗಳು ಕೈಗೆತ್ತಿಕೊಳ್ಳಬಹುದು.